ಶಾನಭಾಗರ ಕರೆಯನ್ನು ಟಿವಿಗೆ ಕೊಟ್ಟದ್ದು ನಾನೇ

ನಾನು ಒಂದು ರೌಟರ್. ಕಾರ್ಖಾನೆಯಲ್ಲಿ ನನಗೆ ಎರಡು ಕೋಡು ಮೂಡಿದ ಗಳಿಗೆಯಲ್ಲೇ ಒಂದು ನಿಯಮವನ್ನು ಒಳಗೆ ಬರೆದಿಟ್ಟರು: ಮನೆಯವರು ತಾವಾಗಿ ಮಾತಾಡಿಸಿದವರ ಉತ್ತರವನ್ನು ಒಳಗೆ ಬಿಡು, ಕರೆಯದೆ ಬಂದವರನ್ನು ಸದ್ದಿಲ್ಲದೆ ಹೊರಗೇ ಬಿಸಾಡು. ಯಾರು ಬಂದಿದ್ದರೆಂದು ಮನೆಯವರಿಗೆ ಹೇಳುವ ನಾಲಿಗೆಯನ್ನು ಮಾತ್ರ ಕೊಡಲಿಲ್ಲ.

ಗದಗಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಬಂದೆ. ಮೇಜಿನ ಕೆಳಗೆ ನನ್ನ ಜಾಗ. ಹೀಗಾಗಿ ನನ್ನ ಪಾಲಿಗೆ ಮನುಷ್ಯರೆಂದರೆ ಪಾದಗಳು. ಯಜಮಾನರು ಚಂಬಣ್ಣ ಹೊಂಬಳ, ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ನಲವತ್ತು ವರ್ಷಗಳಿಂದ ರೇಡಿಯೋದಲ್ಲಿ ದೂರದೂರಿನವರೊಡನೆ ಮಾತಾಡುವ ಹವ್ಯಾಸದವರು. ಹಳೆಯ ಮನೆಯ ಮಾಳಿಗೆಯ ಮೇಲೆ ಅವರ ಆಂಟೆನಾ ತಂತಿ ಇತ್ತಂತೆ. ಇಲ್ಲಿ ಬಟ್ಟೆ ಒಣಹಾಕುವ ತಂತಿಯ ಹೊರತು ಬೇರೆ ತಂತಿಗೆ ಸಂಘದ ಅನುಮತಿ ಇಲ್ಲ. ಆದ್ದರಿಂದ ಕಂಪ್ಯೂಟರಿನ ಮೂಲಕ, ಇಂಟರ್ನೆಟ್ಟಿನ ದಾರಿಯಲ್ಲಿ, ನನ್ನ ಮೂಲಕ ಅವರ ರೇಡಿಯೋ ಮಾತು.

ದಿನಾ ಸಂಜೆ ಆರಕ್ಕೆ ಅವರು ಕುಮಟೆಯ ಗೆಳೆಯ ವಾಮನ ಶಾನಭಾಗರನ್ನು ಕರೆಯುತ್ತಿದ್ದರು. ಮಾತು ರಂಗೇರಿದಂತೆ ಯಜಮಾನರ ಬಲಗಾಲಿನ ಹೆಬ್ಬೆರಳು ತಂತಾನೇ ನೆಲದ ಮೇಲೆ ಉದ್ದ-ಗಿಡ್ಡ ಸದ್ದುಗಳ ಮೋರ್ಸ್ ಸಂಕೇತ ಬಡಿಯುತ್ತಿತ್ತು. ಮುಗಿಸುವಾಗ ಇಬ್ಬರೂ 'ಸೆವೆಂಟಿ ತ್ರೀ' ಎನ್ನುತ್ತಿದ್ದರು. ರೇಡಿಯೋದವರಲ್ಲಿ ಅದು ಹೋಗಿಬರುತ್ತೇನೆಂಬ ನಮಸ್ಕಾರ.

ಒಂದು ಸಂಜೆ ಜಗಳ ಹತ್ತಿತು. ಆಂಟೆನಾ ತಂತಿಯನ್ನು ಅಡ್ಡಲಾಗಿ ಕಟ್ಟಬೇಕೋ, ನಡುವೆ ಎತ್ತಿ ಎರಡೂ ಬದಿಗೆ ಇಳಿಬಿಡಬೇಕೋ? ನಮ್ಮವರ ಬಳಿ ತಂತಿಯೇ ಇರಲಿಲ್ಲ ಎಂಬುದು ವಾದಕ್ಕೆ ಅಡ್ಡಿಯಾಗಲಿಲ್ಲ. ಮಾತಿನ ನಡುವೆ ಶಾನಭಾಗರ ದನಿ ಕಡಿಯಿತು. ಸೆವೆಂಟಿ ತ್ರೀ ಇಲ್ಲ.

"ನಮಸ್ಕಾರ ಹೇಳದ ಹೋದಾಂವ ತಾನ ಕರೀಬೇಕು. ನಾ ಕರ್ಯಾಂಗಿಲ್ಲ" ಎಂದರು ಚಂಬಣ್ಣ. ಫೋನಿನ ಮಾತಂತೂ ಇಲ್ಲ. ರೇಡಿಯೋದ ಜಗಳ ರೇಡಿಯೋದಲ್ಲೇ ಮುಗಿಯಬೇಕು.

ಮರುದಿನ ಆರಕ್ಕೆ ಸರಿಯಾಗಿ ಶಾನಭಾಗರು ಕರೆದರು. ಕರೆಯದೆ ಬಂದವರು, ನಾನು ಬಿಸಾಡಿದೆ. ಅದರ ಮರುದಿನವೂ ಬಿಸಾಡಿದೆ. ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪದೆ ನನ್ನ ಕರ್ತವ್ಯ ಮಾಡಿದೆ. ಮೇಜಿನ ಮುಂದೆ ಆ ಎರಡು ಪಾದಗಳು ಆರರಿಂದ ಏಳರವರೆಗೆ ಕಾದು ಕೂರುತ್ತಿದ್ದವು. ಹೆಬ್ಬೆರಳು ಅಲುಗುತ್ತಿರಲಿಲ್ಲ.

ಕೊನೆಗೆ ಕಾಲುಂಗುರದ ಪಾದಗಳು ಬಂದು ನಿಂತವು. ಯಜಮಾನರ ಹೆಂಡತಿ ಗಿರಿಜವ್ವ ಮುರುಗಲು ಹಣ್ಣಿನ ಸಿಪ್ಪೆ ಬೇಕೆಂದು ಶಾನಭಾಗರ ಹೆಂಡತಿಗೆ ಫೋನ್ ಮಾಡಿದ್ದರು.

"ಅವರು ದಿನಾ ಆರಕ್ಕ ಕರೀಲಿಕತ್ತಾರಂತ. ನೀವ ಬಾಗಲಾ ಹಾಕ್ಕೊಂಡ ಕುಂತೀರಂತ. ಅಲ್ಲೂ ಒಬ್ಬರು ನಿಮ್ಹಂಗ ಮಾರಿ ಊದಿಸ್ಕೊಂಡ ಕುಂತಾರ."

"ಬಾಗಲಾ? ನಾ ಎಲ್ಲಿ ಹಾಕೇನಿ?"

ಕುರ್ಚಿ ಹಿಂದೆ ಸರಿಯಿತು. ಆಮೇಲೆ ಮೇಜಿನ ಕೆಳಗೆ ಒಂದು ಮುಖ ಇಳಿದು ಬಂತು. ಕನ್ನಡಕ, ಬಿಳಿ ಮೀಸೆ. ಯಜಮಾನರಿಗೆ ಪಾದಗಳಲ್ಲದೆ ಮುಖವೂ ಇದೆ ಎಂದು ನನಗೆ ತಿಳಿದದ್ದು ಅಂದೇ.

"ಮಗನ, ನೀ ಹಾಕೀಯಲ್ಲ!"

ಎರಡು ದಿನ ಓದಿ, ಟಿಪ್ಪಣಿ ಮಾಡಿಕೊಂಡು, ಎರಡನೇ ರಾತ್ರಿ ಅವರು ನನ್ನ ಸೆಟ್ಟಿಂಗಿನಲ್ಲಿ ಹೊಸ ನಿಯಮ ಬರೆದರು. ಇಂಟರ್ನೆಟ್ಟಿನಿಂದ ನನಗೆ ಬರಲು ಸಾವಿರಾರು ಬಾಗಿಲುಗಳಿವೆ; ಅವಕ್ಕೆ ಪೋರ್ಟ್ ಎನ್ನುತ್ತಾರೆ. ಹೊಸ ನಿಯಮ ಇದು: ರೇಡಿಯೋ ಮಾತು ಬರುವ ೫೧೯೮ ಮತ್ತು ೫೧೯೯ನೇ ಪೋರ್ಟಿಗೆ ಬಂದವರನ್ನು ಕೇಳದೆ ಐದನೇ ನಂಬರಿಗೆ ಕಳಿಸು. ಮನೆಯ ಯಂತ್ರಗಳಿಗೆಲ್ಲ ನಂಬರು ಹಂಚುವುದು ನಾನೇ. ಅಂದು ಐದು ಎಂದರೆ ಕಂಪ್ಯೂಟರು.

ಆದರೆ ಮರುದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು. ಎದ್ದವನಿಗೆ ನಿಯಮ ನೆನಪಿತ್ತು, ಹಂಚಿದ್ದ ನಂಬರುಗಳು ಮರೆತಿದ್ದವು; ಸಾಲಿನಲ್ಲಿ ಬಂದವರಿಗೆ ಹೊಸದಾಗಿ ನಂಬರು ಹಂಚಿದೆ. ಐದು ಟಿವಿಗೆ ಹೋಯಿತು. ಆರಕ್ಕೆ ಶಾನಭಾಗರು ಬಂದರು. ಜೀವನದಲ್ಲಿ ಮೊದಲ ಸಲ, ಕರೆಯದೆ ಬಂದ ಅವರನ್ನು ಗೌರವದಿಂದ ಒಳಗೆ ಬಿಟ್ಟು, ನೇರವಾಗಿ ಟಿವಿಯ ಮುಂದೆ ನಿಲ್ಲಿಸಿದೆ. ಅದು ಧಾರಾವಾಹಿಯಲ್ಲಿ ಮುಳುಗಿತ್ತು, ತಿರುಗಿಯೂ ನೋಡಲಿಲ್ಲ. ಅತ್ತ ಮೇಜಿನ ಮುಂದೆ ಪಾದಗಳು ಏಳರವರೆಗೆ ಕಾದವು.

ಏಳೂ ಐದಕ್ಕೆ ಯಜಮಾನರು ನಂಬರುಗಳ ಪಟ್ಟಿ ತೆಗೆದು ನೋಡಿದರು.

"ಗಿರಿಜಾ, ಐದು ನಿನ್ನ ಟಿವಿ ಆಗೇದ!"

"ಅಂದ್ರ ಶಾನಭಾಗರು ಇಷ್ಟೊತ್ತನ ನನ್ನ ಟಿವಿ ಮಾತಾಡಿಸಿದ್ರೇನು? ಒಂದ ಕಪ್ಪ ಚಾನೂ ಕೊಡಲಿಲ್ಲಲ್ಲ!"

ಕಂಪ್ಯೂಟರಿಗೆ ಐವತ್ತೆಂಬ ಕಾಯಂ ನಂಬರು ಸಿಕ್ಕಿತು. ಕರೆಂಟು ಹೋದರೂ ಯಾರಿಗೂ ಕೊಡಕೂಡದೆಂದು ನನಗೆ ತಾಕೀತಾಯಿತು. ಬಾಗಿಲುಗಳನ್ನೂ ಐವತ್ತಕ್ಕೆ ತಿರುಗಿಸಿದರು. ಮರುದಿನ ಆರಕ್ಕೆ ಸ್ಪೀಕರು ಕೆಮ್ಮಿತು.

"ಹೋ ಹೊಂಬಳ್ರೇ, ಜೀವಂತ ಇದ್ರಾ? ಎಂತ ಮಾರಾಯ್ರೇ, ಬಾಗಿಲು ಬಡ್ದು ಬಡ್ದು ಕೈ ಸೋತೋಯ್ತು. ಓವರ್."

ಯಜಮಾನರು ಗಂಟಲು ಸರಿಮಾಡಿಕೊಂಡರು. "ಅವತ್ತ ಸೆವೆಂಟಿ ತ್ರೀ ಹೇಳದ ಯಾಕ ಹೋದ್ರಿ? ಓವರ್."

"ನಾನೆಲ್ಲಿ ಹೋದೆ? ಹೋದದ್ದು ನಮ್ಮನೆ ಕರೆಂಟು! ಓವರ್."

ಎರಡು ತಿಂಗಳ ಮುನಿಸಿಗೆ ಉತ್ತರ ಅಷ್ಟೇ.

"ಇರಲಿ. ಆದ್ರ ತಂತಿ ಅಡ್ಡಾನ ಕಟ್ಟಬೇಕು. ಓವರ್."

ಹೆಬ್ಬೆರಳು ನೆಲ ಬಡಿಯತೊಡಗಿತು.

ಆರು ವರ್ಷಗಳ ಬಿಸಿಗೂ ಧೂಳಿಗೂ ನಾನು ದಣಿದೆ. ಈಚೆಗೆ ನಾಲ್ಕು ಕೋಡಿನ ಹೊಸಬ ಬಂದಿದ್ದಾನೆ. ಅವನೂ ಮೊದಲ ಸಂಜೆ ಶಾನಭಾಗರನ್ನು ಬಿಸಾಡಿದ. ಈ ಸಲ ಯಜಮಾನರು ಮುನಿಸಿಕೊಳ್ಳಲಿಲ್ಲ. ನನಗೆ ಕೊನೆಯದಾಗಿ ಕರೆಂಟು ಕೊಟ್ಟು, ನನ್ನ ನಿಯಮಗಳನ್ನು ನೋಡಿ ಒಂದೊಂದಾಗಿ ಅವನಿಗೆ ಬರೆದರು. ನಂತರ ತಂತಿ ಕಿತ್ತು ನನ್ನನ್ನು ಮೇಜಿನ ಕೆಳಗೇ ಬಿಟ್ಟರು. ಈಗ ನಾನು ಅವರ ಕಾಲುಮಣೆ.

ಹುಟ್ಟಿನಲ್ಲಿ ಕಲಿತ ನಿಯಮವನ್ನು ನಾನು ಒಮ್ಮೆಯೂ ಮೀರಲಿಲ್ಲ; ಅದರಿಂದಲೇ ಇಬ್ಬರು ಗೆಳೆಯರನ್ನು ಎರಡು ತಿಂಗಳು ಅಗಲಿಸಿದ್ದೆ. ಈಗ ಕಾಯಲು ನಿಯಮವಿಲ್ಲ, ಬಾಗಿಲಿಲ್ಲ. ಏಳು ಗಂಟೆಗೆ ಮಾತು ಮುಗಿಯುವಾಗ ಆ ಹೆಬ್ಬೆರಳು ನನ್ನ ಬೆನ್ನ ಮೇಲೆ ಬಡಿಯುತ್ತದೆ: ಎರಡು ಉದ್ದ, ಮೂರು ಗಿಡ್ಡ, ಮೂರು ಗಿಡ್ಡ, ಎರಡು ಉದ್ದ. ಸೆವೆಂಟಿ ತ್ರೀ. ಅದು ಕುಮಟೆಗೆಂದು ಬಡಿದದ್ದು, ನನಗೆ ಗೊತ್ತು. ಮೊದಲು ತಲುಪುವುದು ಮಾತ್ರ ನನಗೆ.