ಎರಡು ನಿಮಿಷದ ಇಂಗ್ಲಿಷ್

ಬಜಾಜ್ ನಗರದಲ್ಲಿದ್ದ ಮೃಣಾಲಿನಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮರಾಠಿ, ಹಿಂದಿ, ತವರಿನ ಧಾರವಾಡ ಕನ್ನಡ ಯಾವುದರಲ್ಲೂ ಅವಳ ಮಾತಿಗೆ ತಡೆಯಿರಲಿಲ್ಲ. ಆದರೆ ಐರ್ಲೆಂಡಿನ ಕೆಲಸಕ್ಕೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬೇಕಿತ್ತು. ಅಲ್ಲಿ ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕೆಂದರೆ ಅವಳ ಬಾಯಿ ಕಟ್ಟುತ್ತಿತ್ತು.

ಬ್ಯಾಂಕಿನಲ್ಲಿದ್ದ ಗಂಡ ಸಂಕೇತ್ ಟೈ ಕಟ್ಟಿಕೊಂಡು, ತಾನೇ ಪರೀಕ್ಷಕನಾಗಿ ಊಟದ ಮೇಜಿನೆದುರು ಕೂತ. ಊರಿನ ಫುಟಾಳಾ ಕೆರೆಯನ್ನು ವರ್ಣಿಸಲು ಹೇಳಿದ. ಅವಳು ನಾಲ್ಕು ಮಾತಾಡಿ ನಿಲ್ಲಿಸಿದಳು.

"ಮುಗೀತೇನು? ಅವ್ವನ ಜೋಡಿ ಫೋನಿನ್ಯಾಗ ತಾಸುಗಟ್ಟಲೆ ಮಾತಾಡ್ತೀಯಲ್ಲ!"

"ಅವ್ವ ಕೆರಿ ಸುದ್ದಿ ಕೇಳಂಗಿಲ್ರೀ."

"ಬರೋಬರ್. ಹಂಗಾರ ನಿನಗ ಸಿಟ್ಟು ಬರಸೋ ಒಬ್ಬರ ಬಗ್ಗೆ ಹೇಳು."

ಮೃಣಾಲಿನಿ ಗಂಡನನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಶುರುಮಾಡಿದಳು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು, ಕೊತ್ತಂಬರಿ ತರಲು ಹೋಗಿ ಮೆಂತ್ಯ ತರುವುದು, ಕೇಳಿದ್ದಕ್ಕೆಲ್ಲ "ಹೂಂ" ಅಂದು ಏನನ್ನೂ ಕೇಳಿಸಿಕೊಳ್ಳದಿರುವುದು ಎಲ್ಲವೂ ಬಂದವು. ವ್ಯಾಕರಣ ಅಲ್ಲಲ್ಲಿ ಎಡವಿತು, ಅವಳು ಮಾತ್ರ ನಿಲ್ಲಲಿಲ್ಲ.

"ಟೈಮ್ ಆತು," ಎಂದ ಸಂಕೇತ್, ಟೈ ಸಡಿಲಿಸುತ್ತ.

"ನಿಂದರ್ರೀ, ಗೊರಕಿ ಸುದ್ದಿ ಇನ್ನೂ ಬಾಕಿ ಐತಿ."

ಅಂದಿನಿಂದ ದಿನವೂ ಅದೇ ಅಭ್ಯಾಸ ನಡೆಯಿತು. ಸಂಕೇತ್ ಬೈಗುಳ ಕೇಳುತ್ತಲೇ ಅವಳ ತಪ್ಪು ತಿದ್ದಿದ. ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ನೆರೆಮನೆಯವರ ವಿಷಯ. ಅಷ್ಟರಲ್ಲಿ ನಾಲಿಗೆ ಪಳಗಿತ್ತು. ಪರೀಕ್ಷಕಿಯೇ ಅವಳನ್ನು ತಡೆಯಬೇಕಾಯಿತು.

ಬೇಕಾದ ಅಂಕ ಬಂದ ದಿನ ಸಂಕೇತ್ ಕಿತ್ತಳೆಹಣ್ಣಿನ ಸಂತ್ರಾ ಬರ್ಫಿ ಹಂಚಿದ. ಹೆಂಡತಿಯ ಇಂಗ್ಲಿಷಿಗೆ ತಾನೇ ಕಾರಣವೆಂದು ಎಲ್ಲರೆದುರೂ ಬೀಗಿದ. ಹೇಗೆಂದು ಯಾರಾದರೂ ಕೇಳಿದರೆ ಮಾತ್ರ ಬರ್ಫಿಯ ಡಬ್ಬಿ ಮುಂದೆ ಹಿಡಿಯುತ್ತಿದ್ದ.