ಸೊಲ್ಲು ಹಿಡಿಯುವವಳು

"ಒಂದಿನ ಬಿಡಾನ್ರಿ," ಎಂದ ಮನೆಯ ಹಳೇ ಆಳು ಮಾಳಿಂಗಪ್ಪ. ಕಾಳು ತುಂಬಿಡಲು ನೆಲದಡಿ ತೋಡಿದ್ದ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿಯನ್ನು ಆಗಷ್ಟೇ ಸರಿಸಿ, ಪಕ್ಕದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. "ಒಳಗ ಗಾಳಿ ಆಡ್ಲಿ. ನಾಳೆ ಲಾಟೀನು ಇಳಿಸಿ ನೋಡಾನ. ಆರಲಿಲ್ಲ ಅಂದ್ರ ನಾನು ಇಳೀತೀನಿ."

"ಅದೆಲ್ಲ ಕಾಳು ತುಂಬಿದ ಹಗೇವಿಗೆ. ಇದು ನಮ್ಮಪ್ಪ ಇದ್ದಾಗ್ಲೇ ಖಾಲಿ ಆಗೈತೆ," ಎಂದ ಶಿವಯೋಗಪ್ಪ. "ಖಾಲಿ ಇರೋದ್ರಾಗ ಏನು ಕೊಳೀತೈತೆ? ಇಳಿ ಮಾರಾಯ, ದಿನ ಇಲ್ಲ."

ದಿನ ಇಲ್ಲದ್ದೇನೋ ನಿಜ. ಅವನ ತಾಯಿ ಅಕ್ಕನಾಗಮ್ಮನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ದಸರೆ ಮುಗಿದ ಕೂಡಲೇ ಆಪರೇಷನ್ ಆಗಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು. ದಾವಣಗೆರೆಯ ಹಳೇ ಪೇಟೆಯಲ್ಲಿ ಅಕ್ಕನಾಗಮ್ಮನ ಹಾಡಿಲ್ಲದೆ ಒಂದು ಅರಿಶಿನ ಕುಟ್ಟಿದ್ದಿಲ್ಲ, ಒಂದು ತೊಟ್ಟಿಲು ಕಟ್ಟಿದ್ದಿಲ್ಲ. ಹತ್ತಿ ವ್ಯಾಪಾರಿ ಶಿವಯೋಗಪ್ಪ ಮುಂಬಯಿಯಿಂದ ಟೇಪ್ ರೆಕಾರ್ಡರ್ ತರಿಸಿದ. ಹರಿಹರದ ಸ್ಟೇಷನ್ ಹತ್ತಿರ ರೇಡಿಯೋ ರಿಪೇರಿ ಮಾಡುವ ಜಮಾಲುದ್ದೀನನನ್ನು ಕರೆಸಿದ. ಅವನು ಪಡಸಾಲೆಯಲ್ಲಿ ಮೈಕು ಇಟ್ಟು ಪರೀಕ್ಷೆ ಮಾಡಿದರೆ ಎತ್ತಿನ ಗೆಜ್ಜೆ, ಹತ್ತಿ ಬಿಡಿಸುವ ಜಿನ್ನಿನ ಗದ್ದಲ, ಮಿಲ್ಲಿನ ಸೀಟಿ ಎಲ್ಲವೂ ತಾಯಿಯ ಕೆಮ್ಮಿಗಿಂತ ಜೋರಾಗಿ ಬಂದವು. ಆಗ ಶಿವಯೋಗಪ್ಪನಿಗೆ ಹೊಳೆದದ್ದು ಪಡಸಾಲೆಯ ಕೆಳಗಿದ್ದ ಹಗೇವು. ಅದನ್ನು ಅಗಲ ಮಾಡಿ, ಮೆಟ್ಟಿಲು ಕಡಿಸಿ, ಗೋಡೆಗೆಲ್ಲ ಹತ್ತಿ ತುಂಬಿದ ಗಾದಿ ಹೊಡೆಸಿಬಿಟ್ಟರೆ ಹೊರಗಿನ ಪಿಸುಮಾತೂ ಒಳಗೆ ಬರದು.

ಧಣಿ ಅಷ್ಟು ಹೇಳಿದ ಮೇಲೆ ಮಾಳಿಂಗಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. "ಇನ್ನಷ್ಟು ಬಿಡ್ರಿ," ಎಂದದ್ದು ಕೇಳಿತು. ಆಮೇಲೆ ಏನೂ ಕೇಳಿಸಲಿಲ್ಲ. ತಳದಲ್ಲಿ ಯಾವ ಕಾಲದ್ದೋ ಜೋಳ ಒಂದು ಪದರ ಹಾಗೇ ಉಳಿದು ಕೊಳೆತು ವಿಷಗಾಳಿ ಕಟ್ಟಿತ್ತೆಂದು ಮನೆಯವರಿಗೆ ಗೊತ್ತಾದದ್ದು ಅವನನ್ನು ಎಳೆದು ತೆಗೆದ ಮೇಲೆ. ಅವನ ಕೈಗೆ ಆ ಕಪ್ಪು ರಾಡಿ ಮೆತ್ತಿತ್ತು. ಉಸಿರು ಇರಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಪೇಟೆ ಧಣಿಯನ್ನು ಆಡಿಕೊಂಡಿತು. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಶಿವಯೋಗಪ್ಪ ನಿಟ್ಟುವಳ್ಳಿಗೆ, ಮಾಳಿಂಗಪ್ಪನ ಮನೆಗೆ, ಜೋಳದ ಚೀಲ ಕಳಿಸಿದ. ಹೊಲಿಗೆ ಬಿಚ್ಚದೆ ಅದೇ ಗಾಡಿಯಲ್ಲಿ ವಾಪಸು ಬಂತು. ಅವನಿಗೆ ನಿಜವಾಗಿ ದುಃಖವಾಗಿತ್ತು, ಅನ್ನ ಸೇರುತ್ತಿರಲಿಲ್ಲ. ಆದರೂ ಬೇರೆ ಆಳುಗಳನ್ನು ಕರೆಸಿ, ದಿನಾ ಲಾಟೀನು ಇಳಿಸಿ ನೋಡಿ, ಕೆಲಸ ಮುಗಿಸಿದ. ಕೆಟ್ಟ ಮೇಲೆ ಬುದ್ಧಿ ಬರುವುದು ಹೀಗೆಯೇ.

ಕೋಣೆ ಸಿದ್ಧವಾದ ದಿನ ಜಮಾಲುದ್ದೀನ್ ಒಳಗೆ ನಿಂತು ಚಪ್ಪಾಳೆ ತಟ್ಟಿದ. ಸದ್ದು ಅಂಗೈ ದಾಟಲಿಲ್ಲ. "ಭೇಷ್ ಆಗೈತ್ರಿ ಸಾಹುಕಾರ್ರೆ," ಎಂದ.

ಅಕ್ಕನಾಗಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ದನಿ ಆಗಲೇ ಒಡೆಯತೊಡಗಿತ್ತು. "ಹಂಪವ್ವನ್ನ ಕರಸು," ಎಂದಳು.

ಹಂಪವ್ವ ಮಾಳಿಂಗಪ್ಪನ ಹೆಂಡತಿ. ಅವಳೂ ಅಕ್ಕನಾಗಮ್ಮನೂ ಹೊಸ ಸೊಸೆಯರಾಗಿದ್ದಾಗ ಇದೇ ಮನೆಯ ಬೀಸುವ ಕಲ್ಲಿಗೆ ಎದುರುಬದುರು ಕೂತವರು. ಒಬ್ಬಳು ಹಾಡಿನ ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದನ್ನು ಹಿಡಿದು ಮುಗಿಸಬೇಕು; ಇವಳು ಹಾಡುವಾಗ ಅವಳಿಗೆ ಉಸಿರು. ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿದರೂ ಹಾಡು ಹಾಗೆಯೇ ನಡೆದಿತ್ತು.

"ಆಕೀನ ಯಾವ ಮುಖ ಇಟ್ಕೊಂಡು ಕರೀಲವ್ವ? ನೀ ಒಬ್ಬಾಕೀನೇ ಹಾಡು."

"ಒಂಟಿ ಕೊರಳಾಗ ಹಾಡೋದು ಹೆಣದ ಮುಂದ," ಎಂದಳು ಅಕ್ಕನಾಗಮ್ಮ. "ಅದು ಹಾಡಲ್ಲಪ್ಪ, ಅಳು."

ಶಿವಯೋಗಪ್ಪ ನಿಟ್ಟುವಳ್ಳಿಗೆ ಹೋದ. ಹಂಪವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕೂಡ್ರಿ ಎಂದು ಚಾಪೆಯನ್ನೂ ಹಾಸಿದಳು. ಅವನು ವಿಷಯ ಹೇಳುವ ತನಕ ತಲೆ ಎತ್ತಲಿಲ್ಲ.

"ಅಕ್ಕನ ಮ್ಯಾಲೆ ನನಗ ಸಿಟ್ಟಿಲ್ರಿ. ಬರ್ತೀನಿ. ಪಡಸಾಲ್ಯಾಗ ಕೂತು ಹಾಡ್ತೀವಿ. ನನ್ನ ಮನಿಯಾತನ ಉಸಿರು ನಿಂತ ಕುಣಿಯಾಗ ಮಾತ್ರ ಇಳೀ ಅನಬ್ಯಾಡ್ರಿ."

"ಮ್ಯಾಲೆ ಹಾಡಿದ್ರ ಸಂತಿ ಗದ್ದಲ ಬರ್ತೈತೆ ಹಂಪವ್ವ. ಕೆಳಗಾದ್ರ ಸ್ವಚ್ಛ."

"ಹಂಗಾರ ಬ್ಯಾಡ ಬಿಡ್ರಿ," ಎಂದು ಅವಳು ಮತ್ತೆ ಶೇಂಗಾ ಕೈಗೆತ್ತಿಕೊಂಡಳು.

ಒಪ್ಪಿಕೊಳ್ಳಬಹುದಿತ್ತು. ಗೆಜ್ಜೆಯ ಸದ್ದು ಬಂದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಅಷ್ಟು ದೊಡ್ಡ ಬೆಲೆ ತೆತ್ತು ಕಟ್ಟಿದ ಕೋಣೆಯನ್ನು ಬಿಟ್ಟು ಪಡಸಾಲೆಯಲ್ಲಿ ಹಾಡಿಸಲು ಅವನ ಮನಸ್ಸು ಒಪ್ಪಲಿಲ್ಲ. ಬೆಲೆ ತೆತ್ತವನು ಮಾಳಿಂಗಪ್ಪ ಎಂಬುದನ್ನು ಮಾತ್ರ ಆ ಮನಸ್ಸು ಜಾಣತನದಿಂದ ಮರೆತಿತ್ತು. ಮನೆಗೆ ಬಂದು, "ಬರಲ್ಲ ಅಂದ್ಲು," ಎಂದಷ್ಟೇ ತಾಯಿಗೆ ಹೇಳಿದ.

ಅಕ್ಕನಾಗಮ್ಮ ಮಗನ ಮುಖ ನೋಡಿ ಎದ್ದಳು. "ನಡಿ. ನಾನೂ ಇಳೀದಿದ್ರ ಮಾಳಿಂಗಪ್ಪ ಇಳಿದಿದ್ದು ಯಾತಕ್ಕೂ ಬರಂಗಿಲ್ಲ," ಎಂದು ಸೊಸೆ ಕಸ್ತೂರಮ್ಮನ ಭುಜ ಹಿಡಿದು ಮೆಟ್ಟಿಲು ಇಳಿದಳು.

ಟೇಪಿನ ಸುರುಳಿ ತಿರುಗತೊಡಗಿತು.

"ಕಲ್ಲಿನ ಕೊರಳಾಗ ಜೋಳದ ಮಾತೈತೆ, ಮೆಲ್ಲಕ ತಿರುವ ನನಗೆಳತಿ..."

ಅಲ್ಲಿಗೆ ನಿಲ್ಲಿಸಿದಳು. ಎದುರಿನ ಖಾಲಿ ಜಾಗವನ್ನು ನೋಡುತ್ತ, ಇನ್ನೊಬ್ಬಳು ಆ ಸೊಲ್ಲು ಹಿಡಿದು ಮುಗಿಸುವಷ್ಟು ಹೊತ್ತು ಸುಮ್ಮನೆ ಕೂತಳು. ಆಮೇಲೆ ಮುಂದಿನ ನುಡಿ ಎತ್ತಿದಳು. ಮತ್ತೆ ನಿಲ್ಲಿಸಿದಳು. ಮುಂದುವರಿಸು ಎಂದು ಮಗ ಕೈಸನ್ನೆ ಮಾಡಿದರೂ ಕಣ್ಣೆತ್ತಿ ನೋಡಲಿಲ್ಲ. ಟೇಪು ಮುಗಿಯುವವರೆಗೂ ಹಾಗೆಯೇ ಹಾಡಿದಳು.

ದಸರೆ ಕಳೆದು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಕೊರಳಿಗೆ ಬಟ್ಟೆ ಸುತ್ತಿಕೊಂಡು ಅಕ್ಕನಾಗಮ್ಮ ಮನೆಗೆ ಬಂದಳು. ಬೇಕಾದದ್ದನ್ನು ಈಗ ಕೈಯಲ್ಲೇ ತೋರಿಸಬೇಕು. ಜಮಾಲುದ್ದೀನ್ ಮತ್ತೆ ಬಂದ. ಕೋಣೆಯಲ್ಲಿ ತಾಯಿಯನ್ನು ಕೂರಿಸಿಕೊಂಡು ಶಿವಯೋಗಪ್ಪ ಟೇಪು ಹಾಕಿಸಿದ. ಒಂದು ನುಡಿ, ಆಮೇಲೆ ಖಾಲಿ. ಇನ್ನೊಂದು ನುಡಿ, ಮತ್ತೆ ಖಾಲಿ.

"ಖಾಲಿ ಇದ್ದದ್ದೆಲ್ಲ ಕತ್ತರಿಸಿ ಅಂಟಿಸಿದ್ರ ಒಂದೇ ಸಮ ಬರ್ತೈತ್ರಿ," ಎಂದು ಜಮಾಲುದ್ದೀನ್ ಬ್ಲೇಡು ತೆಗೆದ.

"ಕತ್ತರಿಸು. ನಮ್ಮವ್ವನ ದನಿ ಒಂದೇ ಉಳೀಲಿ."

ಅಕ್ಕನಾಗಮ್ಮ ಮುಂದೆ ಬಾಗಿ ತಿರುಗುತ್ತಿದ್ದ ಸುರುಳಿಯ ಮೇಲೆ ಅಂಗೈ ಊರಿದಳು. ಯಂತ್ರ ಗುರುಗುಟ್ಟಿತು. ಜಮಾಲುದ್ದೀನ್ ಗಾಬರಿಯಿಂದ ಸ್ವಿಚ್ಚು ಆರಿಸಿದ. "ಕೈ ತೆಗಿ ಅವ್ವ," ಎಂದ ಮಗ. ಅವಳು ತಲೆ ಅಲ್ಲಾಡಿಸಿ, ಎದುರಿನ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದಳು.

ಶಿವಯೋಗಪ್ಪ ಆ ಜಾಗದ ಕಡೆ ನೋಡಿದ. "ಹಂಪವ್ವ ಬರ್ತೀನಿ ಅಂದಿದ್ಲವ್ವ," ಎಂದ. "ಮ್ಯಾಲೆ ಹಾಡ್ತೀನಿ ಅಂದಿದ್ಲು. ನಾನೇ ಬ್ಯಾಡ ಅಂದೆ."

ಅಕ್ಕನಾಗಮ್ಮನ ಬಾಯಿ ತೆರೆಯಿತು. ಕೊರಳಿನ ಬಟ್ಟೆಯ ಹಿಂದಿನಿಂದ ಬರೀ ಗಾಳಿ ಬಂತು. ಆಮೇಲೆ ಅವಳು ಹೋಗಿ ಎಂಬಂತೆ ಮೆಟ್ಟಿಲಿನ ಕಡೆ ಇನ್ನೊಂದು ಕೈ ಮಾಡಿದಳು. ಜಮಾಲುದ್ದೀನ್ ಬ್ಲೇಡನ್ನು ಕಾಗದದಲ್ಲಿ ಸುತ್ತಿಕೊಂಡು ಹತ್ತಿದ. ಅವನ ಹಿಂದೆ ಮಗನೂ ಹತ್ತಿದ. ಮೇಲಿನಿಂದ ತಿರುಗಿ ನೋಡಿದಾಗ ಅವಳ ಕೈ ಸುರುಳಿಯ ಮೇಲೆಯೇ ಇತ್ತು.