ಮರಿ ಹಾರುವ ತನಕ

ಮಾಶಾಬಿಯ ಗಂಡ ಬಂದೇನವಾಜ ಊರಿಗೆಲ್ಲ ನಗಾರಿ ಕಾಕಾ. ಉಪ್ಪಿನಬೆಟಗೇರಿಯ ಕೆರೆಯ ದಂಡೆಯಲ್ಲಿದ್ದ ದರ್ಗಾದಲ್ಲಿ ನಗಾರಿ ಬಾರಿಸುವುದು ಅವನ ಮನೆತನದ ಕೆಲಸ. ಬಾರಿಸದೆ ಇರುವುದೂ ಅವನ ಮನೆತನದ್ದೇ ಕೆಲಸ. ಇದೆಂಥ ಕೆಲಸ ಎಂದು ಹೊರಗಿನವರು ನಕ್ಕಾರು, ನಗಲಿ ಬಿಡಿ. ದರ್ಗಾದಿಂದ ಕೆರೆಯ ಕೋಡಿಯವರೆಗೆ ಹಳೆಯ ಹುಣಸೆಮರಗಳ ಸಾಲೊಂದಿತ್ತು. ಮಿರಗದ ಮಳೆ ಬಿದ್ದು ಕೆರೆಗೆ ಹೊಸನೀರು ಬಂದಿತೋ ಇಲ್ಲವೋ, ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದು ಆ ಮರಗಳ ತುಂಬ ಗೂಡು ಕಟ್ಟುತ್ತಿದ್ದವು. ಮೊದಲ ಹಕ್ಕಿ ಕಡ್ಡಿ ಕಚ್ಚಿಕೊಂಡು ಬಂದ ದಿನ ಬಂದೇನವಾಜ ನಗಾರಿಯ ಮೇಲೆ ಹಸಿರು ಬಟ್ಟೆ ಹೊದಿಸುತ್ತಿದ್ದ. ಅಲ್ಲಿಂದ ಕೊನೆಯ ಮರಿ ಹಾರುವ ತನಕ ಊರಲ್ಲಿ ಯಾರೂ ಯಾವ ವಾದ್ಯವನ್ನೂ ಮುಟ್ಟುವಂತಿರಲಿಲ್ಲ.

ಸದ್ದಿಗೆ ಬೆದರಿ ತಾಯಿಹಕ್ಕಿ ದಡಕ್ಕನೆ ಎದ್ದರೆ ಮರಿ ಗೂಡಿನಿಂದ ಕೆಳಗೆ ಬೀಳುತ್ತದೆ, ಅದಕ್ಕೇ ಈ ಕಟ್ಟಳೆ. ಶ್ರಾವಣ ಸೋಮವಾರ ಮಠದ ಭಜನೆ ತಾಳವಿಲ್ಲದೆ, ಜಾಂಗಟಿಯಿಲ್ಲದೆ ಬರೀ ಬಾಯಿಂದ ನಡೆಯುತ್ತಿತ್ತು. ಪಂಚಮಿಯ ಜೋಕಾಲಿಯಲ್ಲಿ ಹುಡುಗಿಯರು ದನಿ ತಗ್ಗಿಸಿ ಹಾಡುತ್ತಿದ್ದರು. ರಮಜಾನ್ ಮಳೆಗಾಲದಲ್ಲಿ ಬಂದರೆ, ಈದಿನ ಚಂದ್ರ ಕಂಡ ಸುದ್ದಿಯನ್ನು ನಗಾರಿಯ ಬದಲು ದರ್ಗಾದ ಗೋಡೆಯ ಮೇಲೆ ಕಂದೀಲು ಇಟ್ಟು ತಿಳಿಸುತ್ತಿದ್ದರು. ದಸರೆಯ ಹೊತ್ತಿಗೆ ಮರಿಗಳು ಹಾರಿದ ಮೇಲೆ ಬಂದೇನವಾಜ ಬಟ್ಟೆ ತೆಗೆದು ನಗಾರಿ ಬಾರಿಸುತ್ತಿದ್ದ. ಮೊದಲ ಪೆಟ್ಟಿಗೇ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಕೆರೆಯ ಮೇಲೆ ಬೆಳ್ಳಗೆ ಹರಡುತ್ತಿದ್ದವು. ಹೆಣ್ಣುಮಕ್ಕಳು ಮನೆಯಿಂದ ಗೋದಿ-ಬೆಲ್ಲದ ಮಾದಲಿ ಮಾಡಿ ತಂದು ಮರದ ಕೆಳಗೆ ಹಂಚುತ್ತಿದ್ದರು. ಯಾರ ಮನೆಯ ಮಾದಲಿಗೆ ತುಪ್ಪ ಹೆಚ್ಚು ಎಂದು ಅಲ್ಲೊಂದು ಸಣ್ಣ ಜಗಳವೂ ಆಗುತ್ತಿತ್ತು. ಅಂಥ ಜಗಳ ಇನ್ನೆಲ್ಲಿ ಸಿಗಬೇಕು!

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಬೇಸಿಗೆಯಲ್ಲಿ ರಸ್ತೆಯ ಸುದ್ದಿ ಬಂತು. ಹುಬ್ಬಳ್ಳಿಯ ಪೇಟೆಗೆ ಹತ್ತಿ ಒಯ್ಯಲು ಲಾರಿ ಬರಬೇಕಂತೆ, ಲಾರಿಗೆ ಅಗಲದ ರಸ್ತೆ ಬೇಕಂತೆ, ರಸ್ತೆಗೆ ಹುಣಸೆಮರಗಳು ಅಡ್ಡವಂತೆ, ಮಳೆಗಾಲ ಮುಗಿಯುವುದರೊಳಗೆ ಅವನ್ನು ಕಡಿಯಬೇಕಂತೆ. ಕೆರೆಯ ಈ ದಂಡೆಯಿಂದ ರಸ್ತೆ ಬೇಡವೆಂದು ಊರು ಒಂದೇ ಬಾಯಿಂದ ಹೇಳಿತು. ಬಂದೇನವಾಜನನ್ನು ಮುಂದೆ ಮಾಡಿಕೊಂಡು ಊರಿನ ಹಿರಿಯರು ರಸ್ತೆಯ ಓವರ್‌ಸಿಯರ್ ಇಳಿದುಕೊಂಡಿದ್ದ, ಊರ ಮಗ್ಗುಲ ಸರಕಾರಿ ಬಂಗಲೆಗೆ ಹೋದರು. ಗಂಡಸರ ಹಿಂದೆ ಮಾಶಾಬಿಯೂ, ಮಗ್ಗುಲ ಮನೆಯ ಗೌಡತಿ ಚನ್ನಬಸವ್ವನೂ ಇದ್ದರು.

“ಸಾಹೇಬ್ರ, ಆ ಕಡೀ ದಂಡಿಗೆ ಬರೀ ಜಾಲಿಕಂಟಿ ಐತ್ರಿ. ರಸ್ತಾ ಅಲ್ಲಿಂದ ಒಯ್ರಿ,” ಎಂದ ಬಂದೇನವಾಜ.

“ಅದು ಸುತ್ತಾಗ್ತದ. ನಕಾಶೆ ಮಂಜೂರಾಗ್ಯದ,” ಎಂದ ಓವರ್‌ಸಿಯರ್. “ಹಕ್ಕಿಗೇನು, ರೆಕ್ಕಿ ಅವ. ಬ್ಯಾರೆ ಗಿಡಕ್ಕ ಹೋಗ್ತಾವ.”

“ದೊಡ್ಡವಕ್ಕ ಅದಾವ್ರಿ ರೆಕ್ಕಿ. ಮರಿಗೆ ಇನ್ನೂ ಬಂದಿರಂಗಿಲ್ಲ.”

ಓವರ್‌ಸಿಯರ್ ನಕ್ಕ. ಆಗ ನಡುವೆ ಬಂದವನು ರಸ್ತೆಯ ಗುತ್ತಿಗೆದಾರ ಮುರುಗೆಪ್ಪ. ಅವನು ಈಗ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆ ಮಾಡಿದ್ದರೂ ಹುಟ್ಟಿದ್ದು ಇದೇ ಊರಲ್ಲಿ, ಮಾದಲಿ ತಿಂದು ಬೆಳೆದದ್ದು ಅದೇ ಮರಗಳ ಕೆಳಗೆ.

“ಮಳಿಗಾಲದಾಗ ಖಡಿ ಹಾಕಾಕ ಹೆಂಗೂ ಆಗಂಗಿಲ್ಲ ಸಾಹೇಬ್ರ. ಈ ವರ್ಸದ ಮರಿ ಹಾರೂ ತನಕ ತಡೀರಿ. ಈ ಮಂದಿ ಆಡಿದ ಮಾತು ಮುರಿಯಂಗಿಲ್ಲ, ಅದಕ್ಕ ನಾ ಜಾಮೀನು.”

“ಮರಿ ಹಾರಿದ್ದು ನನಗ ಹೆಂಗ ತಿಳೀಬೇಕು?”

“ನಗಾರಿ ಕೇಳಸ್ತೈತ್ರಿ,” ಎಂದ ಬಂದೇನವಾಜ. “ನಗಾರಿ ಸುಮ್ಮನಿರೂ ತನಕ ಕೊಡ್ಲಿ ಎತ್ತಬ್ಯಾಡ್ರಿ. ಅದು ಬಾರಿಸಿದ ದಿನ ನಾ ಬಂದು ಅಡ್ಡ ನಿಂದ್ರಂಗಿಲ್ಲ.”

ಓವರ್‌ಸಿಯರ್ ಒಪ್ಪಿದ. ಮನೆಗೆ ಬಂದ ಮೇಲೆ ಬಂದೇನವಾಜ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಮರ ಇನ್ನು ಉಳಿಯುವಂತಿರಲಿಲ್ಲ. “ಮರೀನಾದ್ರೂ ಉಳದ್ರ, ಎಲ್ಲ್ಯರ ಹೋಗಿ ಗೂಡು ಕಟ್ಟ್ಯಾವು ಮಾಶಾ,” ಎಂದ. ಮಾಶಾಬಿ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಮಕ್ಕಳಿಲ್ಲದ ಮನೆಯದು. ವರ್ಷವರ್ಷ ಗೂಡಿನ ಮರಿಗಳನ್ನು ನೋಡುತ್ತಲೇ ಅವರ ಸಂಸಾರ ನಡೆದಿತ್ತು.

ಮಳೆ ಬಂತು, ಹಕ್ಕಿ ಬಂದವು, ಹಸಿರು ಬಟ್ಟೆ ನಗಾರಿಯ ಮೇಲೆ ಬಿತ್ತು. ಅದೇ ಮಳೆಗಾಲದಲ್ಲಿ ಬಂದೇನವಾಜನ ನೆನಪು ಕೈಕೊಡತೊಡಗಿತು. ಮೊದಮೊದಲು ಚಪ್ಪಲಿ ಎಲ್ಲಿಟ್ಟೆ ಎನ್ನುತ್ತಿದ್ದ. ಆಮೇಲೆ ಮಸೀದಿಯ ದಾರಿ ಮರೆತ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಮಾಶಾಬಿಯನ್ನು ಬಹಳ ಹೊತ್ತು ನೋಡಿ, “ನೀ ಯಾರ ಪೈಕಿ ಬೇ?” ಎಂದು ಮರ್ಯಾದೆಯಿಂದಲೇ ಕೇಳಿದ. ಅವಳ ಕೈಯಲ್ಲಿನ ಹಿಟ್ಟು ಅಲ್ಲೇ ಒಣಗಿತು. ಅಂದಿನಿಂದ ಅವನ ಬಾಯಲ್ಲಿ ಅವಳ ಹೆಸರು ಬರಲಿಲ್ಲ.

ನಗಾರಿಯನ್ನು ಮಾತ್ರ ಅವನು ಮರೆಯಲಿಲ್ಲ. ದಿನಾ ಸಂಜೆ ಕೋಲು ಎಲ್ಲಿ, ಕೋಲು ಕೊಡು ಎಂದು ಹಟ ಹಿಡಿಯುತ್ತಿದ್ದ. ಮಾಶಾಬಿ ಕೋಲುಗಳನ್ನು ಟ್ರಂಕಿನಲ್ಲಿಟ್ಟು ಕೀಲಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ಮಳೆಗಾಲದ ಥಂಡಿಗೆ ನಗಾರಿಯ ತೊಗಲು ಸಡಿಲಾಗಬಾರದೆಂದು ವಾರಕ್ಕೊಮ್ಮೆ ಕೆಂಡಕ್ಕೆ ಕಾಯಿಸಿ ಎಣ್ಣೆ ಸವರುತ್ತಿದ್ದಳು, ಮೇಲೆ ಬೆರಳು ಕೂಡ ಬಡಿಯುತ್ತಿರಲಿಲ್ಲ. ಬಂಗಲೆಯಲ್ಲಿ ಮಾತು ಕೊಟ್ಟವನು ಅವಳ ಗಂಡ. ಅವನು ಮರೆತ ಮೇಲೆ ಆ ಮಾತು ಅವಳದಾಯಿತು.

ಆ ವರ್ಷ ಶ್ರಾವಣದ ಉದ್ದಕ್ಕೂ ಒಂದು ಜಾಂಗಟಿಯ ದನಿ ಏಳಲಿಲ್ಲ. ಶ್ರಾವಣ ಮುಗಿದ ಬೆನ್ನಿಗೇ ರಮಜಾನ್ ಕೂಡ ಮುಗಿಯುತ್ತ ಬಂದಿತ್ತು. ಚಂದ್ರ ಕಾಣಬೇಕಾದ ಸಂಜೆ ಮುಗಿಲು ಕಪ್ಪಗೆ ಕವಿದಿತ್ತು. ನಾಳೆ ಈದೋ ಅಲ್ಲವೋ ಯಾರಿಗೂ ಖಾತ್ರಿಯಿಲ್ಲ. ಮಾಶಾಬಿ ಆ ದಿನದ ರೋಜಾ ಉಪವಾಸ ಮುಗಿಸಿ ದರ್ಗಾದ ಕಟ್ಟೆಯ ಮೇಲೆ ಕೂತು ಕಂದೀಲಿನ ಗಾಜು ಒರೆಸುತ್ತಿದ್ದಳು. ಮಗ್ಗುಲಲ್ಲಿ ಬಂದೇನವಾಜ ಮುಗಿಲಿಗೆ ಮುಖವೆತ್ತಿ ಕೂತಿದ್ದ. ತಟ್ಟನೆ ಪಡುವಣದಲ್ಲಿ ಮೋಡ ಒಂದಿಷ್ಟು ಬಿರಿಯಿತು.

“ಮಾಶಾ! ಚಾಂದ್! ಅಲ್ಲಿ ನೋಡ ಮಾಶಾ, ಚಾಂದ್!”

ಅವಳು ಚಂದ್ರನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಅವನ ಕಣ್ಣು ಮೊದಲಿನ ಕಣ್ಣಾಗಿದ್ದವು. “ಏನ ನೋಡ್ತೀ ಹಂಗ? ಲಗೂನ ಕೋಲು ಕೊಡ ಮಾಶಾ, ಊರು ಕಾಯಾಕತ್ತೈತಿ,” ಎಂದು ನಗುತ್ತ ಕೈ ಚಾಚಿದ. ಈದಿನ ಸಂಜೆ ಅವಳು ಮದುಮಗಳಾಗಿ ಬಂದಂದಿನಿಂದ ಕೇಳಿದ ಮಾತು, ಅದೇ ಗತ್ತು. ಮಾಶಾಬಿ ದರ್ಗಾಕ್ಕೆ ಹೊಂದಿಕೊಂಡಿದ್ದ ಮನೆಗೆ ಓಡಿದಳು. ಸೆರಗಿನ ಗಂಟು ಬಿಚ್ಚಿದಳು, ಟ್ರಂಕು ತೆರೆದಳು, ಕೋಲು ತಂದು ಅವನ ಕೈಯಲ್ಲಿಟ್ಟಳು. ಗಂಡ ತಿರುಗಿ ಬಂದ ಎಂಬುದೊಂದೇ ಅವಳ ತಲೆಯಲ್ಲಿತ್ತು. ಇದು ಯಾವ ತಿಂಗಳು, ಮರದ ಮೇಲೆ ಏನಿದೆ, ಯಾವುದೂ ಇರಲಿಲ್ಲ. ಇದಕ್ಕೆ ಅವಳನ್ನು ಬೈಯುವವರು ಬೈಯಲಿ, ನನ್ನ ಕೈಲಾಗದು.

ಬಂದೇನವಾಜ ಹಸಿರು ಬಟ್ಟೆ ಸರಿಸಿ ಬಾರಿಸಿದ. ಅಷ್ಟು ಚೆಂದ ಅವನು ಹರೆಯದಲ್ಲೂ ಬಾರಿಸಿರಲಿಲ್ಲ. ಸಾಲಿನ ಮರಗಳಿಂದ ಹಕ್ಕಿಗಳು ಕಿರುಚುತ್ತ ಎದ್ದವು. ಕೆಳಗೆ ಏನೋ ಬಿದ್ದ ಸದ್ದು ಕೇಳಿದಾಗ ಮಾಶಾಬಿಗೆ ಎಚ್ಚರವಾಯಿತು. “ಅಯ್ಯೋ, ಸಾಕ್ರಿ! ಬಿಡ್ರಿ!” ಎಂದು ಅವನ ಎರಡೂ ಕೈ ಹಿಡಿದಳು. ಅವನು ಅವಳ ಮುಖ ನೋಡಿದ. “ನೀ ಯಾರ ಪೈಕಿ ಬೇ?” ಎಂದ.

ಊರಿಗೆಲ್ಲ ಕೇಳಿದ ನಗಾರಿ ಬಂಗಲೆಗೂ ಕೇಳಿತ್ತು. ಬೆಳಕು ಹರಿಯುತ್ತಲೇ ಮಾಶಾಬಿ ಅಲ್ಲಿಗೆ ಹೋದಾಗ ಆಳುಗಳು ಕೊಡಲಿ ಮಸೆಯುತ್ತಿದ್ದರು. ಮುರುಗೆಪ್ಪ ಅವಳನ್ನು ಕಂಡು ತಲೆ ತಗ್ಗಿಸಿದ.

“ಮುರುಗೆಪ್ಪಾ, ಅದು ಈದಿನ ನಗಾರಿಪಾ. ನಿಮ್ಮ ಕಾಕಾಗ ಈಗ ಏನೂ ನೆಪ್ಪಿರೂದಿಲ್ಲ. ಕೋಲು ಕೊಟ್ಟಾಕಿ ನಾ. ತಪ್ಪು ನಂದು. ಮರೀಗೆ ಇನ್ನೂ ಪುಕ್ಕ ಸುದ್ದಾ ಬಂದಿಲ್ಲ.”

“ನನಗ ಗೊತ್ತೈತಿ ಚಿಗವ್ವಾ. ಸಾಹೇಬ್ರಿಗೆ ಹೇಳೇನಿ. ‘ನಗಾರಿ ಬಡದ್ರೂ ತಾಳಿಕೊಂಡ ಹಕ್ಕಿ ಕೊಡ್ಲಿ ಸಪ್ಪಳಕ್ಕ ಸಾಯ್ತಾವೇನು? ಇಷ್ಟು ದಿನಾ ನನ್ನ ಹುಚ್ಚ ಮಾಡಿದ್ರಿ’ ಅಂತಾರ. ಏನಂತ ಉತ್ತರಾ ಕೊಡ್ಲಿ?” ಮುರುಗೆಪ್ಪ ಕೊಡಲಿಗಳ ಕಡೆ ನೋಡಿದ. “ಒಂದ ಜಾಂಗಟಿ ಸಪ್ಪಳ ಮಾಡದ ಊರು ಅಂತ ನಾ ಎದೀ ತಟ್ಟಿ ಹೇಳಿದ್ದೆ. ಅದರ ಮ್ಯಾಲೆ ನಿಂತಿತ್ತು ಎಲ್ಲಾ.”

ಮಾಶಾಬಿ ಬಂಗಲೆಯ ಮೆಟ್ಟಿಲ ಮೇಲೆ ಸೆರಗೊಡ್ಡಿದಳು. ಒಳಗಿನಿಂದ ಬಾಗಿಲು ಮುಚ್ಚಿಕೊಂಡಿತು.

ಗಂಡಸರು ಈದಿನ ನಮಾಜಿಗೆ ನಿಂತಾಗ ಮೊದಲ ಮರಕ್ಕೆ ಕೊಡಲಿ ಬಿತ್ತು. ಚನ್ನಬಸವ್ವ ದರ್ಗಾದ ಕಡೆಯ ಮರವನ್ನು ತಬ್ಬಿ ಕೂತಳು. ಆಳುಗಳು ಜಾಣರು, ಕೋಡಿಯ ಕಡೆಯಿಂದ ಕಡಿಯುತ್ತ ಬಂದರು. ನಮಾಜು ಮುಗಿಸಿ ಹೊಸ ಅಂಗಿಯಲ್ಲೇ ಓಡಿಬಂದವರು, ಮಠದಿಂದ ಓಡಿಬಂದವರು, ಎಲ್ಲರೂ ಬೇಡಿಕೊಂಡರು, ಕೂಗಾಡಿದರು. “ನಿಮ್ಮ ಕಾಕಾ ಕೊಟ್ಟ ಮಾತು ಇದು,” ಎಂದು ಓವರ್‌ಸಿಯರ್ ಆಳುಗಳಿಗೆ ಕೈಸನ್ನೆ ಮಾಡಿದ. ಮರ ನೆಲಕ್ಕೊರಗಿದಾಗಲೆಲ್ಲ ಗೂಡುಗಳು ಚೆಲ್ಲಿದವು. ತಾಯಿಹಕ್ಕಿಗಳು ಬಿದ್ದ ಟೊಂಗೆಗಳ ಮೇಲೆಯೇ ಸುತ್ತುತ್ತಿದ್ದವು, ಕೂರಲು ಅವಕ್ಕೆ ಜಾಗ ತಿಳಿಯುತ್ತಿರಲಿಲ್ಲ.

ಜೀವವಿದ್ದ ಮರಿಗಳನ್ನು ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಆಯ್ದುಕೊಂಡು ಮಾಶಾಬಿಯ ಪಡಸಾಲೆಗೆ ತಂದರು. ನುಚ್ಚು ಇಟ್ಟರೆ ಅವು ಮೂಸಲಿಲ್ಲ, ಅವಕ್ಕೆ ಬೇಕಾದದ್ದು ಮೀನು. ಚನ್ನಬಸವ್ವ ಸುಮ್ಮನೆ ಎದ್ದು ಹೋದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಣ್ಣುಮಗಳು, ಮೀನು ಮಾರುವವರು ಬಂದರೆ ಓಣಿ ಬದಲಿಸುವಾಕೆ. ಸ್ವಲ್ಪ ಹೊತ್ತಿಗೆ ಸೀರೆ ಎತ್ತಿ ಕಟ್ಟಿಕೊಂಡು, ಕೆರೆಯ ಕೆಸರು ಮೆತ್ತಿದ ಕಾಲಲ್ಲಿ ತಿರುಗಿ ಬಂದಳು. ಅವಳ ಪೂಜೆಯ ತಂಬಿಗೆಯಲ್ಲಿ ಸಣ್ಣ ಮೀನುಗಳು ಮಿಸುಕುತ್ತಿದ್ದವು.

“ಅಕ್ಕಾ, ನಿಮ್ಮ ಕೈಲೆ ಇದು?” ಎಂದಳು ಮಾಶಾಬಿ.

“ಶಿವಾ ನೋಡ್ಯಾನ, ತಿಳಕೊಂತಾನ. ನೀ ಬಾಯಿ ಬಿಡಿಸವಾ, ನಾ ಹಾಕತೇನಿ.”

ಇಬ್ಬರೂ ಎದುರುಬದುರು ಕೂತು ಮರಿಗಳ ಕೊಕ್ಕು ಬಿಡಿಸಿ ಮೀನು ಹಾಕಿದರು. ಒಂದೆರಡು ನುಂಗಿದವು. ನುಂಗಿದ್ದನ್ನು ಕಂಡು ಇಬ್ಬರೂ ಅತ್ತರು. ಆದರೆ ರಾತ್ರಿಯ ಥಂಡಿಯಲ್ಲಿ ತಾಯಿಹಕ್ಕಿಯ ಎದೆಯ ಕಾವು ಕೊಡಲು ಇಬ್ಬರಿಗೂ ಬರಲಿಲ್ಲ. ದಿನ ಕಳೆದಂತೆ ಬುಟ್ಟಿಗಳು ಖಾಲಿಯಾದವು. ಕೊನೆಗೆ ಉಳಿದ ಮರಿಯೊಂದು ಮಾಶಾಬಿಯ ಸೆರಗಿನಲ್ಲಿ, ಕೀಲಿಯ ಗಂಟಿನ ಹತ್ತಿರವೇ, ತಲೆ ಒರಗಿಸಿ ಸತ್ತಿತು. ಅಂದು ಅವಳು ಕೋಲು ಕೊಟ್ಟ ಕೈಯನ್ನು ನೆಲಕ್ಕೆ ಬಡಿದುಕೊಂಡು ಬಡಿದುಕೊಂಡು ಅತ್ತಳು. ಬಂದೇನವಾಜ ಮಂಚದ ಮೇಲಿಂದ, “ಯಾರ ಮನ್ಯಾಗ ಏನಾಗೇತಿ ಬೇ?” ಎಂದು ಮರುಗಿ ಕೇಳುತ್ತಿದ್ದ.

ದಸರೆ ಬಂತು. ದರ್ಗಾದ ಮುಂದೆ ಬೊಡ್ಡೆಗಳನ್ನು ಕಿತ್ತು ಮಣ್ಣು ಸಮ ಮಾಡಿ ರಸ್ತೆಗೆ ಹಾಸುವ ಖಡಿಕಲ್ಲಿನ ಗುಡ್ಡೆ ಹಾಕಿದ್ದರು. ಒಂದು ಮುಂಜಾನೆ ಬಂದೇನವಾಜ ಕಟ್ಟೆಯ ಮೇಲೆ ಕೂತವನು ಮೂಗಿಗೆ ಬಂದ ಜೋಳದ ಹೊಲದ ಗಾಳಿಯನ್ನು ಎಳೆದುಕೊಂಡು, “ಮರಿ ಹಾರಿದುವೇನು?” ಎಂದ.

ಮಾಶಾಬಿ ಸೆರಗಿನ ಕೀಲಿಯ ಗಂಟು ಮುಟ್ಟಿಕೊಂಡಳು. “ಹಾರಿದುವ್ರಿ,” ಎಂದಳು.

“ಹಂಗಾರ ಕೋಲು ಕೊಡು. ಮಂದಿ ಹಾದಿ ನೋಡ್ತಿರ್ತಾರ.”

ಅವಳು ಟ್ರಂಕು ತೆರೆದು ಕೋಲು ತಂದು ಅವನ ಕೈಯಲ್ಲಿಟ್ಟಳು. ಅವನು ಬಟ್ಟೆ ತೆಗೆದು, ಕಣ್ಣಿಗೊತ್ತಿಕೊಂಡು, ಮರಿ ಹಾರಿದ ನಗಾರಿ ಬಾರಿಸಿದ. ಓಣಿಯ ಬಾಗಿಲುಗಳು ತೆರೆದವು. ಯಾರೂ ಬರಲಾರರು ಎಂದುಕೊಂಡಿದ್ದಳು ಮಾಶಾಬಿ. ಚನ್ನಬಸವ್ವ ಬಂದಳು, ಅವಳ ಕೈಯಲ್ಲಿ ಮಾದಲಿಯ ತಟ್ಟೆಯಿತ್ತು. ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದು ಖಡಿಯ ಗುಡ್ಡೆಗಳ ನಡುವೆ ನಿಂತರು. ಯಾರ ಮಾದಲಿಗೆ ತುಪ್ಪ ಹೆಚ್ಚು ಎಂದು ಈ ಸಲ ಯಾರೂ ಕೇಳಲಿಲ್ಲ.

ಬಂದೇನವಾಜ ಬಾರಿಸುವುದನ್ನು ನಿಲ್ಲಿಸಿ ಮುಗಿಲು ನೋಡಿದ. ಕೆರೆಯ ಮೇಲೆ ಏನೂ ಇರಲಿಲ್ಲ.

“ಒಂದೂ ಏಳಲಿಲ್ಲಲ್ಲ?”

“ಎಲ್ಲಾ ಮೊದಲ ಹಾರಿ ಹೋಗ್ಯಾವ್ರಿ,” ಎಂದಳು ಮಾಶಾಬಿ.

“ಹೌದೇನು?” ಅವನ ಮುಖ ಅರಳಿತು. “ಎಲ್ಲಾ? ಹಂಗಾರ ಈ ವರ್ಸ ಒಂದ ಮರೀನೂ ಕೆಳಗ ಬಿದ್ದಿಲ್ಲ ಅನ್ನು. ಛಲೋ ಆತು ಬಿಡು.”

ಚನ್ನಬಸವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಂದೇನವಾಜ ನಗಾರಿಯ ಮೇಲೆ ಬಟ್ಟೆ ಹೊದಿಸಿ, ಕೋಲುಗಳನ್ನು ಜೋಡಿಸಿ ಮಾಶಾಬಿಯ ಕೈಗೆ ಕೊಟ್ಟ.

“ಜ್ವಾಕಿಲೆ ಇಡು ಬೇ,” ಎಂದ. “ಹಕ್ಕಿ ತಿರುಗಿ ಬಂದು ಮರಿ ಹಾರೂ ತನಕ ಯಾರು ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ.”

“ಆತ್ರಿ,” ಎಂದಳು ಮಾಶಾಬಿ. ಒಳಗೆ ಹೋಗಿ ಕೋಲುಗಳನ್ನು ಟ್ರಂಕಿನಲ್ಲಿಟ್ಟು, ಕೀಲಿ ಹಾಕಿ, ಸೆರಗಿಗೆ ಗಂಟು ಹಾಕಿಕೊಂಡಳು.